ಕಮಾನು ಕಿಟಕಿಗೆ ಕರ್ಟನ್ ಹಾಕುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಕಿಟಕಿಯದ್ದೇ ಜಾಸ್ತಿ. ಚೌಕದ ಕಿಟಕಿ ಇದ್ದವರಿಗೆ ತಾಪತ್ರಯವಿಲ್ಲ, ಅಂಗಡಿಗೆ ಹೋದರೆ ಆಯಿತು. ಉಳಿದವರಿಗಾಗಿ ಈ ಪುಟ.

ಅಕ್ಕಾ, ಹೊಸ ಮನೆಯ ಹಾಲಿಗೆ ಎರಡು ಕಮಾನು ಕಿಟಕಿ ಇಡಿಸಿದ್ದೇವೆ. ನಾಲ್ಕಡಿ ಅಗಲ, ಪಶ್ಚಿಮ ದಿಕ್ಕು. ಕಮಾನಿನ ಭಾಗದಲ್ಲಿ ಗಾಜು, ಕೆಳಗೆ ಹೊರಗೆ ತೆರೆಯುವ ಬಾಗಿಲು, ಒಳಗೆ ಸರಳು. ಕಮಾನಿಗಿಂತ ಮೇಲೆ ರಾಡ್ ಹಾಕಿ ಪೂರ್ತಿ ಮುಚ್ಚಿಬಿಡಿ ಎನ್ನುತ್ತಾರೆ ಅಂಗಡಿಯವರು. ಅಷ್ಟು ಖರ್ಚು ಮಾಡಿ ಕಮಾನು ಕಟ್ಟಿಸಿದ್ದು ಮುಚ್ಚಲಿಕ್ಕಾ ಅಂತ ನಮ್ಮವರು ಕೇಳುತ್ತಾರೆ. ಏನು ಮಾಡಲಿ? (ನೀರ್ಚಾಲು)

ನಿಮ್ಮವರ ಮಾತು ಸರಿ. ಮುಚ್ಚಬೇಕಾದದ್ದು ಕೆಳಗಿನ ಚೌಕ. ಹೊರಗಿನವರ ಕಣ್ಣು ಬೀಳುವುದು ಅಲ್ಲಿಗೇ, ಕಮಾನಿನ ಗಾಜಿನೊಳಗೆ ಇಣುಕಲಿಕ್ಕೆ ಯಾರೂ ಏಣಿ ತರುವುದಿಲ್ಲ. ಹಾಗಾಗಿ ಬಾಗು ಶುರುವಾಗುವ ಜಾಗದಲ್ಲಿ, ಅಂದರೆ ದಾರಂದದ (ಕಿಟಕಿ ಚೌಕಟ್ಟಿನ) ಅಡ್ಡಪಟ್ಟಿಯ ಎತ್ತರಕ್ಕೆ ರಾಡ್ ಕೂರಿಸಿ, ಮೇಲಿನದ್ದನ್ನು ಖಾಲಿ ಬಿಡಿ. ಅದರಲ್ಲಿ ಕೆಂಪು, ನೀಲಿ, ಹಸಿರು ಗಾಜೇನಾದರೂ ಇದ್ದರಂತೂ ಮುಚ್ಚುವ ಮಾತೇ ಬೇಡ.

ಆದರೆ ನಿಮ್ಮದು ಪಶ್ಚಿಮ ಅಲ್ವಾ, ಅಲ್ಲೇ ಸ್ವಲ್ಪ ಕಷ್ಟ. ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಓರೆಯಾಗಿ ನುಗ್ಗುತ್ತದೆ, ಸಜ್ಜೆ ಎಷ್ಟು ಮುಂದಿದ್ದರೂ ಸಂಜೆಯ ಬಿಸಿಲನ್ನು ತಡೆಯುವುದಿಲ್ಲ. ದಪ್ಪ ಕರ್ಟನ್ ಹಾಕಿದರೆ ತಂಪಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಬೆಳಕು ಕಡಿಮೆಯಾಗುತ್ತದೆ ನಿಜ, ಆದರೆ ಸೆಕೆ ಅಷ್ಟಾಗಿ ಇಳಿಯುವುದಿಲ್ಲ, ಯಾಕೆಂದರೆ ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಾನೇ ಬಟ್ಟೆಗೆ ತಾಗುವುದು. ತಡೆಯುವುದಾದರೆ ಹೊರಗೇ ತಡೆಯಬೇಕು. ಮಾಡಿನ ಅಂಚಿನಿಂದ ಬಿದಿರಿನ ತಟ್ಟಿ ಇಳಿಬಿಡಿ, ಮಾರ್ಚ್‌ನಿಂದ ಮೇ ತನಕ ಸಾಕು. ಜೂನ್ ಮಳೆ ಹಿಡಿಯುವ ಮೊದಲು ಬಿಚ್ಚಿ, ಒಣಗಿಸಿ, ಅಟ್ಟಕ್ಕೆ ಹಾಕಿ. ಇಲ್ಲವಾದರೆ ಒಂದೇ ಮಳೆಗಾಲಕ್ಕೆ ಕಪ್ಪಾಗಿ ಕೊಳೆಯುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ತಂಪು ಅಂತ ಯಾರಾದರೂ ಹೇಳಿಯಾರು. ಅದು ಒಣ ಹವೆಯ ಊರಿಗೆ ಸರಿ. ನಮ್ಮ ಕರಾವಳಿಯಲ್ಲಿ ಗಾಳಿಯೇ ಒದ್ದೆ, ನೀರು ಆರುವುದೇ ಇಲ್ಲ, ತಂಪಾಗುವುದು ಹೇಗೆ?

ಕಮಾನಿಗೆ ಬೀಸಣಿಗೆಯಂತೆ ನೆರಿಗೆ ಹಿಡಿದು ಹೊಲಿದ ಬಟ್ಟೆಯನ್ನೂ ನಿಮಗೆ ತೋರಿಸುತ್ತಾರೆ. ಚಂದವೇ. ಆದರೆ ಅದನ್ನು ಸರಿಸಲಿಕ್ಕೆ ಆಗುವುದಿಲ್ಲ, ನೆರಿಗೆ ತುಂಬ ಧೂಳು ಕೂರುತ್ತದೆ, ಮಳೆ ಜೋರಿರುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬೂಷ್ಟು ಹಿಡಿಯುತ್ತದೆ. ನಾನಾದರೆ ಹಾಕಿಸುವುದಿಲ್ಲ.

ಮುಂದೆ ಕಮಾನಿಗೆ ಏನಾದರೂ ಹಾಕುವ ಮನಸ್ಸಾದರೆ ಅದರ ಅಳತೆಯನ್ನು ಟೇಪಿನಲ್ಲಿ ಮಾತ್ರ ತೆಗೆಯಬೇಡಿ. ಕಮಾನು ಸರಿಯಾದ ಅರ್ಧ ವೃತ್ತವಾದರೆ ನಾಲ್ಕಡಿ ಅಗಲಕ್ಕೆ ಎತ್ತರ ಎರಡಡಿ ಬರಬೇಕು. ಬಾರದಿದ್ದರೆ ಅದು ತಗ್ಗು ಕಮಾನು, ಲೆಕ್ಕ ಬೇರೆ. ಹಳೇ ಪೇಪರ್ ಒಂದಕ್ಕೊಂದು ಅಂಟಿಸಿ, ಕಿಟಕಿಗೆ ಒತ್ತಿ ಹಿಡಿದು, ಅಂಚನ್ನು ಪೆನ್ಸಿಲಿನಲ್ಲಿ ಗೀಚಿ ಕತ್ತರಿಸಿ. ಎರಡೂ ಕಿಟಕಿಗೆ ಬೇರೆ ಬೇರೆ ಮಾಡಿ, ಎಡ–ಬಲ ಅಂತ ಬರೆದಿಡಿ. ಒಬ್ಬನೇ ಮೇಸ್ತ್ರಿ ಕಟ್ಟಿದ ಎರಡು ಕಮಾನೂ ಒಂದೇ ಥರ ಇರುವುದು ಅಪರೂಪ. ಕಮಾನಿನ ಗಾಜಿಗೆ ಫಿಲ್ಮ್ ಅಂಟಿಸುವ ಮನಸ್ಸಾದರೆ ಈ ಕಾಗದವೇ ಬೇಕಾಗುತ್ತದೆ.

ರಾಡ್ ಕಿಟಕಿಗಿಂತ ಎರಡೂ ಬದಿಗೆ ಅರ್ಧ ಅಡಿ ಹೊರಗಿರಲಿ. ಮಳೆ ಎರಚಿದಾಗ ಸರಳಿನ ಸೆರೆಯಲ್ಲಿ ಕೈ ತೂರಿಸಿ ಬಾಗಿಲು ಎಳೆಯಬೇಕಲ್ಲ, ಆಗ ಬಟ್ಟೆ ಗೋಡೆ ಕಡೆಗೆ ಪೂರ್ತಿ ಸರಿದರೆ ಒದ್ದೆಯಾಗುವುದಿಲ್ಲ. ಅಂದರೆ ರಾಡ್ ಐದಡಿ, ಬಟ್ಟೆಯ ಅಗಲ ಅದರ ಎರಡರಷ್ಟು, ಹತ್ತಡಿ. ಜಿಪುಣತನ ಮಾಡಿದರೆ ನೆರಿಗೆ ಬರದೆ ಬೆಡ್‌ಶೀಟ್ ಒಣಗಲು ಹಾಕಿದ ಹಾಗೆ ಕಾಣುತ್ತದೆ. ಬಟ್ಟೆಯ ಮೇಲಂಚಿಗೆ ಬಳೆ (ರಾಡ್ ತೂರಿಸುವ ಉಂಗುರ) ಹೊಡೆಸುವುದಾದರೆ ಪ್ರತಿ ತುಂಡಿಗೂ ಸಮಸಂಖ್ಯೆಯಲ್ಲಿ ಹೊಡೆಸಿ, ಎರಡೂ ತುದಿ ಗೋಡೆ ಕಡೆಗೇ ತಿರುಗುತ್ತವೆ. ಬಟ್ಟೆಗೆ ಕಣ್ಣೂರಿನ ಕೈಮಗ್ಗದ್ದು ನೋಡಿ, ಮನೆಗೆ ಬೇಕಾದ ಬಟ್ಟೆಗೆ ಅಲ್ಲಿಯ ಮಗ್ಗಗಳಿಗೆ ಹೆಸರಿದೆ, ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಹತ್ತಿ ಕುಗ್ಗುತ್ತದೆ, ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿಯೇ ಟೈಲರಿಗೆ ಕೊಡಿ. ಗೋಡೆ ಮುರಕಲ್ಲಿನದ್ದಾದರೆ (ಜಂಬಿಟ್ಟಿಗೆ ಕಲ್ಲು) ಸಣ್ಣ ಪ್ಲಗ್ ನಿಲ್ಲುವುದಿಲ್ಲ, ಕಲ್ಲು ಉದುರಿ ತೂತು ದೊಡ್ಡದಾಗುತ್ತದೆ. ಮೊದಲು ಉದ್ದ ಸ್ಕ್ರೂ ಹಾಕಿ ಮರದ ರೀಪು ಕೂರಿಸಿ, ಬ್ರಾಕೆಟನ್ನು ರೀಪಿಗೆ ಹೊಡೆಸಿ.

ಮಹಡಿಯ ಮಲಗುವ ಕೋಣೆಯಲ್ಲಿ ಮಾಡಿನ ಕೆಳಗೆ ತ್ರಿಕೋನದ ಗಾಜು ಇದೆ, ಪೂರ್ವಕ್ಕೆ. ಬೆಳಿಗ್ಗೆ ಆರೂವರೆಗೆಲ್ಲ ಮುಖದ ಮೇಲೆ ಬಿಸಿಲು. ಓರೆ ರಾಡ್ ಹಾಕಬಹುದಾ? (ಉಪ್ಪಳ)

ಮೊದಲು ಮಂಚ ತಿರುಗಿಸಿ ನೋಡಿದಿರಾ? ತಮಾಷೆ ಅಲ್ಲ, ಖರ್ಚಿಲ್ಲದ ದಾರಿ ಅದೊಂದೇ. ಆದರೆ ಒಂದು ವಾರದ ಬಿಸಿಲು ನೋಡಿ ಜಾಗ ನಿಗದಿ ಮಾಡಬೇಡಿ. ಡಿಸೆಂಬರ್‌ನಲ್ಲಿ ಸೂರ್ಯ ಪೂರ್ವಕ್ಕಿಂತ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಮೇ ತಿಂಗಳಲ್ಲಿ ಉತ್ತರಕ್ಕೆ. ಹಾಗಾಗಿ ಬಿಸಿಲು ಬೀಳುವ ಮೂಲೆಯೂ ಬದಲಾಗುತ್ತದೆ.

ಓರೆ ರಾಡಿನಲ್ಲಿ ಬಟ್ಟೆ ಜಾರಿ ತಗ್ಗಿನ ಮೂಲೆಗೆ ಬಂದು ಗುಡ್ಡೆ ಬೀಳುತ್ತದೆ, ಮತ್ತೆ ಅದನ್ನು ಮೇಲೆ ಕಟ್ಟಿ ನಿಲ್ಲಿಸಬೇಕು. ಅದರ ಬದಲು ಕಾಗದದ ಅಚ್ಚು ತೆಗೆದು ಅದೇ ಆಕಾರಕ್ಕೆ ಚಪ್ಪಟೆ ಬಟ್ಟೆ ಹೊಲಿಸಿ, ಸುತ್ತಲೂ ವೆಲ್ಕ್ರೋ ಪಟ್ಟಿ ಇಟ್ಟು ದಾರಂದಕ್ಕೆ ಅಂಟಿಸಿ. ಮಳೆಗಾಲದಲ್ಲಿ ಎಳೆದರೆ ಕೈಗೆ ಬರುತ್ತದೆ, ಒಗೆಯಬಹುದು. ಹಿಂದೆ ರಬ್ಬರ್ ಲೇಪ ಇರುವ ಬ್ಲ್ಯಾಕೌಟ್ ಬಟ್ಟೆ ಬೇಡ, ನಮ್ಮ ತೇವಕ್ಕೆ ಲೇಪ ಅಂಟಂಟಾಗಿ ಏಳುತ್ತದೆ. ದಟ್ಟ ನೇಯ್ಗೆಯ ಪಾಲಿಯೆಸ್ಟರ್ ಸಾಕು, ಬೇಗ ಒಣಗುತ್ತದೆ. ಮೇಲಿನ ತುದಿಯಲ್ಲಿ ಗಾಳಿ ಹೋಗುವ ಬಲೆ ಇದ್ದರೆ ಅದನ್ನು ಮಾತ್ರ ಮುಚ್ಚಬೇಡಿ. ಮಾಡಿನಡಿಯ ಬಿಸಿ ಹೊರಗೆ ಹೋಗುವ ದಾರಿ ಅದು.

ಮೆಟ್ಟಿಲ ಹತ್ತಿರದ ಉರುಟು ಕಿಟಕಿಯಿಂದ ಪಕ್ಕದ ಮನೆಯವರಿಗೆ ಎಲ್ಲ ಕಾಣುತ್ತದೆ. ಕನ್ನಡಿಯಂಥ ಫಿಲ್ಮ್ ಅಂಟಿಸಲಾ? (ಮಂಜೇಶ್ವರ)

ಬೇಡ. ಕನ್ನಡಿ ಫಿಲ್ಮ್ ಹಗಲಿಗೆ ಮಾತ್ರ. ರಾತ್ರಿ ಒಳಗೆ ಲೈಟ್ ಹಾಕಿದರೆ ಹೊರಗಿನವರಿಗೆ ನೀವೇ ಸಿನಿಮಾ. ಮಂಜುಗಾಜಿನಂಥ ಫಿಲ್ಮ್ ತನ್ನಿ, ಹಗಲು ರಾತ್ರಿ ಎರಡಕ್ಕೂ ಆಗುತ್ತದೆ, ಬೆಳಕೂ ಬರುತ್ತದೆ. ಉರುಟಾಗಿ ಮೊದಲೇ ಕತ್ತರಿಸಲು ಹೋಗಬೇಡಿ. ಗಾಜಿಗೆ ಸೋಪಿನ ನೀರು ಚಿಮುಕಿಸಿ, ದೊಡ್ಡ ಚೌಕ ತುಂಡನ್ನೇ ಅಂಟಿಸಿ, ಸ್ಕೇಲಿನ ಅಂಚಿನಲ್ಲಿ ನಡುವಿನಿಂದ ಹೊರಕ್ಕೆ ನೀರು ತಳ್ಳಿ, ಆಮೇಲೆ ಬ್ಲೇಡಿನಿಂದ ಅಂಚು ಕತ್ತರಿಸಿ.

ಗೋಡೆಯಿಂದ ಹೊರಗೆ ಚಾಚಿದ, ಮೂರು ಮಗ್ಗುಲಿನ ಬೇ ವಿಂಡೋ ಇದೆ. ಹಗ್ಗ ಎಳೆದು ಏರಿಸುವ ಬ್ಲೈಂಡ್ ಹಾಕಿಸುವ ಯೋಚನೆ. ಮಗುವಿಗೆ ಎರಡು ವರ್ಷ. (ಕುಂಬಳೆ)

ಮಗು ಇರುವ ಮನೆಗೆ ನೇತಾಡುವ ಹಗ್ಗದ ಬ್ಲೈಂಡ್ ಬೇಡವೇ ಬೇಡ. ಹಗ್ಗದ ಕುಣಿಕೆ ಕುತ್ತಿಗೆಗೆ ಸಿಕ್ಕಿ ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡದ್ದಿದೆ, ಸದ್ದೂ ಆಗುವುದಿಲ್ಲ. ಹಗ್ಗವಿಲ್ಲದ, ಕೈಯಲ್ಲಿ ಒತ್ತಿ ಏರಿಸುವ ಬಗೆಯದ್ದು ಸಿಗುತ್ತದೆ, ಅದನ್ನೇ ಕೇಳಿ. ಮೂರು ಮಗ್ಗುಲಿಗೆ ಮೂರು ಬೇರೆ ಬೇರೆ ಮಾಡಿಸಿ, ಮೂಲೆಯಲ್ಲಿ ಒಂದಕ್ಕೊಂದು ತಾಗದಷ್ಟು ಸಂದು ಬಿಡಿ. ಕರ್ಟನ್ನೇ ಸಾಕು ಎನಿಸಿದರೆ ರಾಡ್ ಬೇಡ, ಸೀಲಿಂಗಿಗೆ ಬಾಗಿದ ಟ್ರ್ಯಾಕ್ ಹೊಡೆಸಿ. ರಾಡಾದರೆ ಮೂಲೆಯ ಬ್ರಾಕೆಟಿಗೆ ಬಂದು ಬಳೆ ಸಿಕ್ಕಿಕೊಳ್ಳುತ್ತದೆ. ಈಗಾಗಲೇ ಹಗ್ಗದ್ದು ಹಾಕಿಸಿದ್ದರೆ ಗೋಡೆಯಲ್ಲಿ ಐದಡಿಗಿಂತ ಮೇಲೆ ಕೊಕ್ಕೆ ಹೊಡೆದು ಹಗ್ಗವನ್ನು ಬಿಗಿಯಾಗಿ ಸುತ್ತಿಡಿ. ತೊಟ್ಟಿಲು, ಮಂಚ, ಮಗು ಹತ್ತಿ ನಿಲ್ಲಬಹುದಾದ ಸ್ಟೂಲು, ಯಾವುದೂ ಆ ಕಿಟಕಿಯ ಬುಡದಲ್ಲಿ ಬೇಡ.