ಐದು ಲಕ್ಷದ ಕಾರ್ಡ್ ಇದ್ದರೂ ಜನ ಯಾಕೆ ಗೊಣಗುತ್ತಾರೆ?

ಆಯುಷ್ಮಾನ್ ಕಾರ್ಡ್ ಬಂದ ಮೇಲೆ ಆಸ್ಪತ್ರೆ ಖರ್ಚಿನ ಚಿಂತೆ ಹೋಯಿತಲ್ಲ, ಇನ್ನೂ ಯಾಕೆ ಗೊಣಗಾಟ ಎಂದು ಕೇಳಿದ್ದೀರಿ. ಗೊಣಗುವವರಲ್ಲಿ ನಾನೂ ಒಬ್ಬ.

ಕಾರ್ಡಿನಿಂದ ಪ್ರಯೋಜನವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಣ್ಣ ಮಾತಲ್ಲ. ಹಾರ್ಟ್ ಆಪರೇಷನ್‌ಗೆ ಜಮೀನು ಅಡ ಇಡುವುದು ತಪ್ಪಿದ ಮನೆಗಳು ನಮ್ಮ ಕಡೆಯೂ ಇವೆ.

ನನ್ನ ತಕರಾರು ಬೇರೆ. ಈ ಕಾರ್ಡ್ ಮುಖ್ಯವಾಗಿ ಕೆಲಸಕ್ಕೆ ಬರುವುದು ಆಸ್ಪತ್ರೆಗೆ ಸೇರಿದಾಗ. ನಮ್ಮಂಥವರ ದುಡ್ಡು ಸೋರುವುದು ಅದಕ್ಕೂ ಮುಂಚೆ. ನಮ್ಮ ಅಮ್ಮನಿಗೆ ಶುಗರ್, ಬಿಪಿ ಎರಡೂ ಇವೆ. ತಿಂಗಳು ತಿಂಗಳು ಮಾತ್ರೆ, ಆಗಾಗ ರಕ್ತ ಪರೀಕ್ಷೆ, ಡಾಕ್ಟರ್ ಫೀಸು, ಬಸ್ ಚಾರ್ಜು. ಇದ್ಯಾವುದಕ್ಕೂ ಕಾರ್ಡ್ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ನಿಜ. ಸ್ಟಾಕ್ ಇದ್ದರೆ. ಇಲ್ಲದಿದ್ದರೆ ಚೀಟಿ ಬರೆದು ಮೆಡಿಕಲ್ ಶಾಪಿಗೆ ಕಳಿಸುತ್ತಾರೆ. ಮಾತ್ರೆ ತಪ್ಪಿಸಿ ತಪ್ಪಿಸಿ ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ಮಾತ್ರ ಯೋಜನೆಯಲ್ಲಿ ದುಡ್ಡಿದೆ! ಇದು ಉಲ್ಟಾ ಲೆಕ್ಕ ಅಲ್ವಾ?

2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಬರೀ ಕಾರ್ಡ್ ಇರಲಿಲ್ಲ. ದೇಶದ 1.5 ಲಕ್ಷ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸುಧಾರಿಸುವ ಮಾತೂ ಇತ್ತು. ಈಗ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೊಸ ಹೆಸರು. ಆರೋಗ್ಯಕ್ಕೆ ಇಡುವ ಹಣದಲ್ಲಿ ಮೂರನೇ ಎರಡು ಪಾಲು ಈ ಕೆಳಹಂತಕ್ಕೇ ಹೋಗಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು. ಆದರೆ ಭಾಷಣದಲ್ಲಿ ಕೇಳುವುದು ಕಾರ್ಡಿನ ಸುದ್ದಿಯೇ ಜಾಸ್ತಿ. ಸ್ಟಾಕ್ ತುಂಬಿದ ಔಷಧಿ ಕಪಾಟಿನ ಫೋಟೋ ಯಾರು ಹಾಕುತ್ತಾರೆ ಹೇಳಿ.

ಎಪಿಎಲ್‌ನವರ ಕಥೆ ಇನ್ನೊಂದು. ಕರ್ನಾಟಕದಲ್ಲಿ ಅವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಗಮನಿಸಿ, ಆಸ್ಪತ್ರೆಯ ಬಿಲ್ಲಿನ ಶೇ. 30 ಅಲ್ಲ, ಸರ್ಕಾರ ಗೊತ್ತು ಮಾಡಿದ ದರದಲ್ಲಿ. ಆ ದರ 1 ಲಕ್ಷ ಇದ್ದರೆ ಸಿಗುವುದು 30 ಸಾವಿರ. ಉಳಿದದ್ದು ನಿಮ್ಮ ಜೇಬಿನಿಂದ.

ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯಬೇಕಾದರೆ, ತುರ್ತು ಇಲ್ಲದಿದ್ದಾಗ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ತರಬೇಕು. ಇದಕ್ಕೆ ಬಹಳ ಜನ ಬೈಯುತ್ತಾರೆ, ನಾನು ಬೈಯುವುದಿಲ್ಲ. ಅದಿಲ್ಲದಿದ್ದರೆ ಎಲ್ಲರೂ ನೇರ ಖಾಸಗಿಗೆ ಓಡುತ್ತಾರೆ, ಸರ್ಕಾರಿ ಆಸ್ಪತ್ರೆ ಇನ್ನೂ ಸೊರಗುತ್ತದೆ.

ನಿಮ್ಮದು ಎಪಿಎಲ್ ಆಗಿದ್ದು, ಬೇರೆ ವಿಮೆಯೂ ಇದ್ದರೆ ಅದನ್ನು ಬಿಡಬೇಡಿ. ಊರಿನ ಆರೋಗ್ಯ ಕೇಂದ್ರದಲ್ಲಿ ಔಷಧಿ ಇಲ್ಲ ಎಂದರೆ ಕೇಂದ್ರದ ಉಸ್ತುವಾರಿ ನೋಡುವ ಅಲ್ಲಿನ ಆರೋಗ್ಯ ರಕ್ಷಾ ಸಮಿತಿಯವರನ್ನು ಕೇಳಿ. ಅಂಥದ್ದೊಂದು ಸಮಿತಿ ಇದೆ ಅಂತ ಊರಲ್ಲಿ ಎಷ್ಟು ಜನಕ್ಕೆ ಗೊತ್ತು ಅನ್ನುವುದು ಬೇರೆ ಮಾತು.