ಎಲ್4-ಎಲ್5 ಡಿಸ್ಕ್ ಜಾರಿದೆ: ಆಪರೇಷನ್ ಮಾಡಿಸಲೇ, ಮೂರು ತಿಂಗಳು ಮಲಗಲೇ?

ಈ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದು ನನಗೂ ಹೇಳಿದ್ದರು; ನಾನು ಮಲಗುವುದನ್ನು ಆರಿಸಿಕೊಂಡೆ. ಮೂಡಿಗೆರೆಯ ನಮ್ಮ ತೋಟದಲ್ಲಿ ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿಯನ್ನು 50 ಕೆ.ಜಿ. ಮೂಟೆ ಕಟ್ಟಿ ಪಿಕಪ್‌ಗೆ ಏರಿಸುತ್ತಿದ್ದಾಗ, ಸೊಂಟ ತಿರುಚಿಕೊಂಡೇ ಒಂದು ಮೂಟೆ ಎತ್ತಿದೆ. ಅಂದು ಸೊಂಟ ಹಿಡಿದುಕೊಂಡಿತು, ಅಷ್ಟೆ. ಮರುದಿನದಿಂದ ನೋವು ತೊಡೆಯ ಪಕ್ಕ, ಮೀನಖಂಡದ ಹೊರಭಾಗ ಹಾದು ಕಾಲಿನ ಹೆಬ್ಬೆರಳಿನವರೆಗೆ ಇಳಿಯಿತು; ಕೆಮ್ಮಿದರೆ ಕರೆಂಟ್ ಹೊಡೆದಂತಾಗುತ್ತಿತ್ತು. ಹಾಸನದಲ್ಲಿ ಮಾಡಿಸಿದ ಎಂಆರ್‌ಐನಲ್ಲಿ ನಿಮ್ಮಂತೆಯೇ ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ಜಾರಿದೆ ಎಂದು ಬಂತು.

ಮನೆಯ ಹಿರಿಯರು ಹಲಗೆ ಮಂಚ ಹಾಕಿಸಿ, ಏಳಲೇಬೇಡ ಎಂದರು. ನಾನೂ ಅದನ್ನೇ ಚಿಕಿತ್ಸೆ ಎಂದು ನಂಬಿದೆ. ಈ ತಪ್ಪನ್ನು ಬಿಡಿಸಿ ಹೇಳಬೇಕು. ಮಲಗಿದಾಗ ಡಿಸ್ಕ್ ಮೇಲಿನ ಒತ್ತಡ ತಗ್ಗಿ ನೋವು ಇಳಿಯುತ್ತದೆ, ಎದ್ದರೆ ಮರಳುತ್ತದೆ. ಹಾಗಾಗಿ ಮಲಗಿದ್ದರಿಂದಲೇ ವಾಸಿಯಾಗುತ್ತಿದೆ ಎನಿಸಿ ಮತ್ತೆ ಮಲಗುತ್ತೇವೆ. ಇತ್ತ ಬೆನ್ನನ್ನು ಆನಿಸಿ ನಿಲ್ಲಿಸುವ ಸ್ನಾಯುಗಳು ಸೊರಗುತ್ತವೆ, ಏಳುವ ಧೈರ್ಯವೂ ಕುಗ್ಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು: ನಡೆದಾಡದ ನನಗೆ ಪಾದ ಸೋತದ್ದು ತಿಳಿಯಲೇ ಇಲ್ಲ. ಬಚ್ಚಲಿಗೆ ಹೋಗುವಾಗ ಎಡಗಾಲಿನ ಹವಾಯಿ ಚಪ್ಪಲಿ ಮಾತ್ರ ಕಳಚಿ ಹಿಂದೆ ಉಳಿಯುತ್ತಿತ್ತು. ಚಪ್ಪಲಿ ಸವೆದಿದೆ ಎಂದುಕೊಂಡು ಹೊಸ ಜೋಡಿ ತರಿಸಿದೆ. ನಿಜವಾಗಿ, ನರ ಅದುಮಿಕೊಂಡು ಪಾದವನ್ನೂ ಹೆಬ್ಬೆರಳನ್ನೂ ಮೇಲೆತ್ತುವ ಶಕ್ತಿ ದಿನೇ ದಿನೇ ಕುಂದುತ್ತಿತ್ತು. ದಿನವೂ ಅಂಗಳದಲ್ಲಿ ಓಡಾಡಿದ್ದರೆ ಕಾಲು ಎಡವುವುದು ಬೇಗನೆ ಗಮನಕ್ಕೆ ಬರುತ್ತಿತ್ತು. ಕೊನೆಗೆ ಆಪರೇಷನ್ ಆಯಿತು. ಕಾಲಿನ ನೋವು ಹೋಯಿತು. ಹೆಬ್ಬೆರಳಿನ ಬಲ ಪೂರ್ತಿ ಮರಳಲಿಲ್ಲ.

ಆದ್ದರಿಂದ ವರದಿಯ ಸಾಲು ಓದಿ ನಿರ್ಧರಿಸಬೇಡಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲಿ ಶೇ. 30ರಷ್ಟು, 50ರ ವಯಸ್ಸಿನವರಲ್ಲಿ ಶೇ. 60ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡಿತ್ತು. ಡಿಸ್ಕ್ ಜಾರಿ ಕಾಲುನೋವು ಬಂದವರಲ್ಲಿಯೂ ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ತಗ್ಗುತ್ತದೆ. ಡಿಸ್ಕ್‌ನಿಂದ ಹೊರಚಾಚಿದ ತಿರುಳನ್ನು ಅನೇಕ ವೇಳೆ ದೇಹವೇ ಕರಗಿಸಿಕೊಳ್ಳುತ್ತದೆ. ನೋವು ತೀರಾ ಹೆಚ್ಚಿದ್ದರೆ ಒಂದೆರಡು ದಿನ ಮಲಗಿ, ವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳಿ, ಆಮೇಲೆ ಎದ್ದು ನಡೆಯಿರಿ. ತೋಟದ ಇಳಿಜಾರಿನಲ್ಲಿ ಬೇಡ, ಕಣದಂಥ ಸಮತಟ್ಟಾದ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಬಾರಿ. ಕಾಲಿನ ನೋವು ಮೇಲೇರಿ ಸೊಂಟದಲ್ಲಷ್ಟೇ ಉಳಿದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಬೆನ್ನು ಎಳೆದು ಸರಿಮಾಡುತ್ತೇನೆ ಎನ್ನುವವರ ಕೈಗೆ ಮಾತ್ರ ಖಂಡಿತ ಬೆನ್ನು ಕೊಡಬೇಡಿ.

ಆಪರೇಷನ್ ಬೇಡವೇ ಬೇಡ ಎಂದೂ ನಾನು ಹೇಳುತ್ತಿಲ್ಲ. ಈಗಲೇ ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಮೇಲೇಳದಿದ್ದರೆ ಕಾಯದೆ ಬೆನ್ನುಮೂಳೆ ತಜ್ಞರಿಗೆ ತೋರಿಸಿ. ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ಮಲದ್ವಾರದ ಸುತ್ತ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಬೆಳಗಾಗಲಿ ಎಂದು ಕಾಯದೆ ಹಾಸನಕ್ಕೋ ಮಂಗಳೂರಿಗೋ ರಾತ್ರಿಯೇ ಹೊರಡಿ.