ಗ್ಯಾಲರಿ ಆಮೇಲೆ, ಮೊದಲು ಒಂದೂವರೆ ಮೀಟರ್

ಕೋಡಿಬಾಗದ ಓದುಗರೊಬ್ಬರ ಪತ್ರದ ತಿರುಳು ಇಷ್ಟು: ಕಾರವಾರಕ್ಕೆ ಫುಟ್‌ಬಾಲ್ ಕ್ರೀಡಾಂಗಣ ಬೇಕೇ ಬೇಕು. ಕಡಲತೀರದಲ್ಲಾದರೆ ಚೆಂದ, ಆಗದಿದ್ದರೆ ಕಡವಾಡ–ಸುಂಕೇರಿ ಬದಿಯಲ್ಲಿ ಬೀಳುಬಿದ್ದ ಗಜನಿಗೆ, ಅಂದರೆ ಉಬ್ಬರದ ನೀರು ಮುಟ್ಟುವ ತಗ್ಗು ಗದ್ದೆಗೆ, ಮಣ್ಣು ತುಂಬಿ ಕಟ್ಟಲಿ. ಗೋವಾದ ಫಾತೋರ್ಡಾ ಕ್ರೀಡಾಂಗಣದ ಹಾಗೆ ಇಪ್ಪತ್ತು ಸಾವಿರ ಜನ ಕೂರುವಂತಿರಲಿ, ಸುತ್ತ 400 ಮೀಟರಿನ ಓಟದ ಟ್ರ್ಯಾಕೂ ಇರಲಿ. ‘ಮಾಲಾದೇವಿ ಮೈದಾನವನ್ನೇ ಸರಿಮಾಡಿದರೆ ಸಾಕು ಎನ್ನುವವರಿಗೆ ಊರು ಬೆಳೆಯುವುದು ಬೇಕಿಲ್ಲ’ ಎಂದೂ ಅವರು ಚುಚ್ಚಿದ್ದಾರೆ.

ಮಾನ್ಯರೇ,

ಕ್ರೀಡಾಂಗಣ ಬೇಕು ಎಂಬಲ್ಲಿ ನಮಗೂ ನಿಮಗೂ ಜಗಳವಿಲ್ಲ. ಪೋಳೆಂ ಗಡಿಯಾಚೆ ಗೋವಾದಲ್ಲಿ ಇರುವ ಫುಟ್‌ಬಾಲ್ ಹುಚ್ಚು ಈಚೆಗೂ ಇದೆ. ಜಗಳ ಇರುವುದು ಜಾಗದ್ದು. ನಿಮ್ಮ ಪತ್ರದಲ್ಲಿ ಗ್ಯಾಲರಿ ಇದೆ, ದೀಪದ ಕಂಬ ಇದೆ, ಬಾಗಿಲಿಗೆ ಕಮಾನೂ ಇದೆ. ಮೈದಾನದ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗಬೇಕು ಎಂಬುದೊಂದೇ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವ ಊರಲ್ಲಿ ಜಾಗದ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಲೆಕ್ಕ ಹಿಡಿಯೋಣ. ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲುಗಳ ಹಿಂದೆ ಹತ್ತತ್ತು ಮೀಟರ್, ಅಕ್ಕಪಕ್ಕ ಎಂಟೂವರೆ ಮೀಟರ್ ಬಿಟ್ಟರೆ ಹುಲ್ಲಿನ ಜಾಗ 125ಕ್ಕೆ 85. ಅಂದರೆ 10,625 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡು ಎಕರೆ ಇಪ್ಪತ್ತೈದು ಗುಂಟೆ. ಇದರ ಮೇಲೆ ತಾಸಿಗೆ 50 ಮಿಲಿಮೀಟರ್ ಮಳೆ ಹೊಡೆದರೆ ಬೀಳುವ ನೀರು ಐದು ಲಕ್ಷ ಮೂವತ್ತು ಸಾವಿರ ಲೀಟರ್. ಬರೀ ಕೆಂಪು ಮಣ್ಣಿನ ಮೇಲೆ ಹುಲ್ಲು ಹಾಸಿದ ಮೈದಾನದಲ್ಲಿ ಇಷ್ಟು ನೀರು ಇಂಗುವುದಿಲ್ಲ, ನಿಲ್ಲುತ್ತದೆ. ನಿಂತ ನೀರಿನಲ್ಲಿ ಒಂದು ಪಂದ್ಯ ಆಡಿಸಿದರೆ ಬೇರು ಕಿತ್ತು ಗೋಲಿನ ಮುಂದಿನ ನೆಲ ಕೆಸರುಗದ್ದೆಯಾಗುತ್ತದೆ, ಅಕ್ಟೋಬರಿನಲ್ಲಿ ಅದೇ ಕೆಸರು ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಮದ್ದು ಗೊತ್ತಿರುವುದೇ. ತಳವನ್ನು ಇಳಿಜಾರು ಮಾಡಿ, ಐದೈದು ಮೀಟರಿಗೊಂದು ಕಾಲುವೆ ತೋಡಿ, 100 ಮಿಲಿಮೀಟರಿನ ತೂತಿನ ಪೈಪು ಮಲಗಿಸಿ ಜಲ್ಲಿ ತುಂಬಬೇಕು. ಅದರ ಮೇಲೆ ಹತ್ತು ಸೆಂಟಿಮೀಟರ್ ಸಣ್ಣ ಜಲ್ಲಿ, ಮೇಲೆ ಮೂವತ್ತು ಸೆಂಟಿಮೀಟರ್ ಮರಳು, ಆಮೇಲೆ ಹುಲ್ಲು. ಈಗ ಎತ್ತರ ಕೂಡಿಸಿ ನೋಡಿ. ಮರಳು–ಜಲ್ಲಿಗೆ 40 ಸೆಂಟಿಮೀಟರ್, ಅದರ ಕೆಳಗೆ ಪೈಪಿನ ಕಾಲುವೆಗೆ 15. ಮೈದಾನದ ನಡುಗೆರೆಯಿಂದ ಅಂಚಿನವರೆಗೆ 42 ಮೀಟರ್ ಹೋಗುವ ಪೈಪಿಗೆ ನೂರಕ್ಕೆ ಅರ್ಧದಷ್ಟು ಇಳಿಜಾರು ಕೊಟ್ಟರೆ 21. ಅಂಚಿನುದ್ದ 125 ಮೀಟರ್ ಓಡುವ ದೊಡ್ಡ ಪೈಪಿಗೆ ಇನ್ನೊಂದು 50. ಒಟ್ಟು ಒಂದೂಕಾಲು ಮೀಟರ್ ದಾಟಿತು. ಪೈಪಿನ ಬಾಯಿ ನೀರಲ್ಲಿ ಮುಳುಗದಂತೆ ಸ್ವಲ್ಪ ಬಿಡುವು ಸೇರಿಸಿದರೆ ಒಂದೂವರೆ. ಅಂದರೆ ಪಕ್ಕದ ಹಳ್ಳದ ಅಥವಾ ಗಟಾರದ ಮಳೆಗಾಲದ ಅತಿ ಎತ್ತರದ ನೀರಿಗಿಂತ ಆಟದ ಹುಲ್ಲು ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕು. ಜಾಗ ಯಾವುದೇ ಇರಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದು. ಉಳಿದದ್ದಕ್ಕೆಲ್ಲ ಹಣ ಸುರಿದು ಪರಿಹಾರ ಕಂಡುಕೊಳ್ಳಬಹುದು, ಸಮುದ್ರದ ಮಟ್ಟವನ್ನು ಇಳಿಸಲಾಗದು.

ನಿಮ್ಮ ಗಜನಿ ಇಲ್ಲೇ ಸೋಲುವುದು. ಗಜನಿ ಎಂದರೇ ಉಬ್ಬರದ ನೀರಿಗಿಂತ ತಗ್ಗಿನ ನೆಲ. ಒಡ್ಡು ಕಟ್ಟಿ, ಇಳಿತದ ಹೊತ್ತಿಗೆ ಮಾತ್ರ ಬಾಗಿಲು ತೆರೆದು ನೀರು ಬಿಡುವ ವ್ಯವಸ್ಥೆ ಅಲ್ಲಿ ಹುಟ್ಟಿದ್ದು ಅದಕ್ಕೇ. ಉಪ್ಪು ತಾಳುವ ಕಗ್ಗ ಭತ್ತಕ್ಕೆ ಆ ಏರಿಳಿತ ಒಗ್ಗುತ್ತದೆ, ಅಂಕಣಕ್ಕೆ ಒಗ್ಗುವುದಿಲ್ಲ. ಪೈಪಿನ ಬಾಯಿಗೆ ಹಿಂದಕ್ಕೆ ಮುಚ್ಚುವ ಕವಾಟ ಹಾಕಬಹುದು ಎಂದು ನೀವು ಹೇಳಬಹುದು. ಹಾಕಿದರೆ ಉಬ್ಬರದ ನೀರು ಒಳಗೆ ಬರುವುದಿಲ್ಲ ನಿಜ, ಆದರೆ ಅಷ್ಟು ತಾಸು ಮೈದಾನದ ನೀರೂ ಹೊರಗೆ ಹೋಗುವುದಿಲ್ಲ. ಅದರ ಮೇಲೆ ಕದ್ರಾ ಅಣೆಕಟ್ಟೆಯ ಗೇಟು ತೆರೆದ ದಿನ ಕಾಳಿಯಲ್ಲಿ ಇಳಿತವೂ ಇಳಿತದಂತೆ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ನದಿಪಾತ್ರದ ಹಳ್ಳಿಗಳ ಮನೆಯೊಳಗೇ ನೀರು ಹೊಕ್ಕದ್ದು ಮರೆಯುವಂಥದ್ದಲ್ಲ.

ಹಾಗಾದರೆ ಎರಡು ಮೀಟರ್ ಮಣ್ಣು ತುಂಬಿಬಿಡೋಣ ಎಂಬುದು ನಿಮ್ಮ ಮುಂದಿನ ಮಾತು. ಐದು ಸಾವಿರ ಆಸನ, ಕೋಣೆಗಳು, ವಾಹನದ ಜಾಗ ಸೇರಿ ಆರು ಎಕರೆ ಎಂದು ಹಿಡಿದರೂ ಗಟ್ಟಿ ಲೆಕ್ಕದಲ್ಲಿ 48,500 ಘನ ಮೀಟರ್. ರೋಲರ್ ಓಡಿಸಿದಾಗ ಕುಗ್ಗುವುದನ್ನು ಸೇರಿಸಿದರೆ ಅರವತ್ತು ಸಾವಿರ. ಹತ್ತು ಘನ ಮೀಟರಿನ ಟಿಪ್ಪರಿಗೆ ಆರು ಸಾವಿರ ಟ್ರಿಪ್. ಆ ಮಣ್ಣು ಯಾವ ಗುಡ್ಡದ ಬುಡ ಕೊರೆದು ಬರಬೇಕು ಎಂಬುದನ್ನು ಪತ್ರ ಹೇಳುವುದಿಲ್ಲ.

ತುಂಬಿದ ಮೇಲೂ ಗೋಳು ಮುಗಿಯದು. ಗಜನಿಯ ಅಡಿಯ ಕಪ್ಪು ಜೇಡಿ ನೀರು ಕುಡಿದ ಸ್ಪಂಜಿದ್ದಂತೆ. ಮೇಲೆ ಭಾರ ಬಿದ್ದಾಗ ನೀರು ಬಿಟ್ಟುಕೊಂಡು ಕುಸಿಯುತ್ತದೆ, ಅದೂ ಒಂದೇ ದಿನ ಅಲ್ಲ, ವರ್ಷಗಟ್ಟಲೆ, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ. ಗ್ಯಾಲರಿಗೆ ಪೈಲ್ (ಆಳದ ಗಟ್ಟಿ ನೆಲ ಮುಟ್ಟುವ ಅಡಿಪಾಯದ ಕಂಬ) ಇಳಿಸಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ, ಪಕ್ಕದ ಮೈದಾನ ಮಾತ್ರ ಇಳಿಯುತ್ತದೆ. ಎರಡರ ನಡುವೆ ಮೊದಲ ಮೆಟ್ಟಿಲು ಗಾಳಿಯಲ್ಲಿ ತೂಗುತ್ತದೆ. ಮೇಲೆ ಹೇಳಿದ 21 ಸೆಂಟಿಮೀಟರ್ ಇಳಿಜಾರು ನೆನಪಿಡಿ. ನಡುಗೆರೆಯ ಕಡೆ ನೆಲ ಅಂಚಿಗಿಂತ 25 ಸೆಂಟಿಮೀಟರ್ ಹೆಚ್ಚು ಕುಸಿದರೆ ಸಾಕು, ಪೈಪು ತಿರುವುಮುರುವಾಗಿ ನೀರು ಮೈದಾನದ ನಡುವಿಗೇ ಹರಿದು ಬರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವಲ್ಲಿ ಕಾನೂನೂ ಅಡ್ಡ ನಿಲ್ಲುತ್ತದೆ: ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಯ ಪ್ರಕಾರ ಕಾಂಡ್ಲಾ ವನ ಸಾವಿರ ಚದರ ಮೀಟರ್ ಮೀರಿದರೆ ಅದರ ಸುತ್ತ ಇನ್ನೂ 50 ಮೀಟರ್ ಬಿಡಬೇಕು.

ಕಡಲತೀರದ ಮಾತು ಬೇಗ ಮುಗಿಸುತ್ತೇವೆ. ಪಟ್ಟಣ ಪ್ರದೇಶದ ಸಿಆರ್‌ಝಡ್–2ರಲ್ಲಿ ಕಟ್ಟಡಕ್ಕೆ ಅವಕಾಶವಿರುವುದು ಮೊದಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ನೆಲದ ಬದಿಗೆ ಮಾತ್ರ. ಹೆದ್ದಾರಿಯ ಪಡುವಣ ಬದಿಗೆ ಗ್ಯಾಲರಿ ಎಬ್ಬಿಸುವ ಆಸೆ ಬಿಡಿ. ದೇವಬಾಗ, ಮಾಜಾಳಿ ಬದಿಯ ಮರಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಬೆಳಕು ಕಂಡತ್ತ ನಡೆಯುವ ಜಾತಿ, ಹೊನಲು ಬೆಳಕಿನ ಕಂಬ ಅವನ್ನು ಸಮುದ್ರದ ಬದಲು ಹೆದ್ದಾರಿಗೆ ಕರೆಯುತ್ತದೆ. ಉಪ್ಪುಗಾಳಿಗೆ ಬರೀ ಬಣ್ಣ ಬಳಿದ ಕಬ್ಬಿಣ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಬೈತಖೋಲ ಬಂದರಿನ ಬದಿಗೆ ಹೋಗಿ ಯಾವ ಬೇಲಿ ಮುಟ್ಟಿದರೂ ಗೊತ್ತಾಗುತ್ತದೆ.

ನಮ್ಮ ಆಯ್ಕೆ ಶಿರವಾಡದ ಬದಿ. ರೈಲು ನಿಲ್ದಾಣ ಅಲ್ಲೇ ಇರುವುದರಿಂದ ಅಂಕೋಲೆ, ಕುಮಟೆ, ಹೊನ್ನಾವರದ ತಂಡಗಳೂ ಮಡಗಾಂವಿನ ತಂಡವೂ ಪಂದ್ಯದ ದಿನವೇ ಬಂದು ಹೋಗಬಹುದು. ಊರೊಳಗೆ ವಾಹನ ತುರುಕುವುದೂ ತಪ್ಪುತ್ತದೆ. ಆದರೆ ಅಲ್ಲಿಯೂ ಕಣ್ಣು ಮುಚ್ಚಿ ಗುದ್ದಲಿ ಪೂಜೆ ಮಾಡುವಂತಿಲ್ಲ. ಜಿಲ್ಲೆಯ ನೆಲದಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಕಾಡು. ಪಹಣಿಯಲ್ಲಿ ‘ಅರಣ್ಯ’ ಎಂದಿದ್ದರೆ, ಮೇಲೆ ಒಂದು ಮರ ಇಲ್ಲದಿದ್ದರೂ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಕ್ರೀಡಾಂಗಣ ಅರಣ್ಯೇತರ ಉದ್ದೇಶವೇ. ಮಾಲ್ಕಿ ಜಮೀನು ವಶಪಡಿಸಿಕೊಳ್ಳೋಣವೆಂದರೆ ಕದ್ರಾ ಅಣೆಕಟ್ಟೆ, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಮೂರು ಸಲ ನೆಲ ಬಿಟ್ಟುಕೊಟ್ಟ ತಾಲೂಕಿದು. ಆಟಕ್ಕಾಗಿ ಮತ್ತೆ ಯಾರನ್ನೂ ಎಬ್ಬಿಸಬಾರದು ಎಂಬುದು ನಮ್ಮ ನಿಲುವು. ಸರ್ಕಾರಿ ಜಾಗ ಸಿಗುವವರೆಗೆ ಕಾಯಬಹುದು.

ಗುಡ್ಡದ ಬುಡ ಕಡಿದು ಸಮ ಮಾಡುವುದೂ ಬೇಡ. ಮೇಲೆ ಚಿರೆಕಲ್ಲು ಗಟ್ಟಿ ಕಾಣುತ್ತದೆ, ಅಡಿಯಲ್ಲಿ ಶೇಡಿ ಮಣ್ಣು. ಒಣಗಿದಾಗ ನೆಟ್ಟಗೆ ಕಡಿದರೂ ನಿಲ್ಲುತ್ತದೆ, ನೀರು ಹೊಕ್ಕಾಗ ಬಿಗಿ ಬಿಟ್ಟು ಜಾರುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದು ಬಿದ್ದ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡಕ್ಕೂ ಹಳ್ಳಕ್ಕೂ ನಡುವಿನ, ತಾನಾಗಿ ಸಮವಿರುವ ಆರು ಎಕರೆ ಹುಡುಕಬೇಕು. ಸಿಕ್ಕಲ್ಲಿ ಗ್ಯಾಲರಿಯ ನಾಲ್ಕು ಮೂಲೆಗೆ ಬೋರ್ ಕೊರೆಸಿ ಎಸ್‌ಪಿಟಿ ಪರೀಕ್ಷೆ (ಕೊಳವೆ ಬಡಿದು ಇಳಿಸಿ ನೆಲದ ಗಟ್ಟಿತನ ನೋಡುವುದು) ಮಾಡಿಸಬೇಕು. ‘ಎನ್’ ಮೌಲ್ಯ, ಅಂದರೆ ಬೇಕಾದ ಪೆಟ್ಟುಗಳ ಎಣಿಕೆ, ನಾಲ್ಕಕ್ಕಿಂತ ಕೆಳಗೆ ಬಂದರೆ ಅದು ಮೆತ್ತನೆ ಜೇಡಿ, ಬೇರೆ ಜಾಗ ನೋಡುವುದು ಒಳ್ಳೆಯದು.

ಜಾಗ ಸಿಕ್ಕ ಮೇಲೆ ದಿಕ್ಕು. ಅಂಕಣದ ಉದ್ದ ಉತ್ತರ–ದಕ್ಷಿಣ ಇರಬೇಕು. ಪೂರ್ವ–ಪಶ್ಚಿಮ ಹಾಕಿದರೆ ಸಂಜೆ ಐದರ ಪಂದ್ಯದಲ್ಲಿ ಪಡುವಣಕ್ಕೆ ಮುಖ ಮಾಡಿದ ಗೋಲ್‌ಕೀಪರ್ ಚೆಂಡಿನ ಬದಲು ಸೂರ್ಯನನ್ನು ಹಿಡಿಯಬೇಕಾಗುತ್ತದೆ. ಮಾಡು ಇರುವ ಮುಖ್ಯ ಗ್ಯಾಲರಿ ಪಶ್ಚಿಮಕ್ಕೆ: ಕೂತವರ ಬೆನ್ನಿಗೆ ಬಿಸಿಲು, ಮುಂಗಾರಿನ ಎರಚಲೂ ಬೆನ್ನಿಗೇ.

ಟ್ರ್ಯಾಕಿನ ವಿಷಯದಲ್ಲಿ ನಾವು ಖಡಾಖಂಡಿತ: ಬೇಡ. 400 ಮೀಟರಿನ ಟ್ರ್ಯಾಕಿನ ತಿರುವಿನ ತ್ರಿಜ್ಯ 36.5 ಮೀಟರ್, ನೇರ ಓಟ 84.39 ಮೀಟರ್. ಇದರೊಳಗೆ 105ಕ್ಕೆ 68ರ ಅಂಕಣ ಹಿಡಿಸುತ್ತದೆ, ಆದರೆ ಮೂಲೆಯ ಬಾವುಟದಿಂದ ಗೆರೆಯ ನೇರಕ್ಕೆ ಟ್ರ್ಯಾಕಿನ ಅಂಚು ಒಂದೇ ಮೀಟರ್. ಕಾರ್ನರ್ ಒದೆಯುವವನು ಓಡಿ ಬರಬೇಕಾದದ್ದು ರಬ್ಬರಿನ ಮೇಲಿಂದ ಹುಲ್ಲಿಗೆ, ನಡುವೆ ಅಂಚಿನ ಕಟ್ಟೆ ಬೇರೆ. ಎಂಟು ಸಾಲಿನ ಟ್ರ್ಯಾಕು ಸೇರಿದರೆ ಜಾಗ ಸುಮಾರು 177ಕ್ಕೆ 93 ಮೀಟರಾಗುತ್ತದೆ, ಗೋಲಿನ ಹಿಂದೆ ಕೂತವರಿಗೆ ಎದುರು ಗೋಲು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಓಟಕ್ಕೆ ಬೇರೆ ಮೈದಾನ ಕೇಳಿ, ನಾವೂ ದನಿಗೂಡಿಸುತ್ತೇವೆ.

ಇಪ್ಪತ್ತು ಸಾವಿರ ಆಸನ ಏಕೆ? ಫಾತೋರ್ಡಾ 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನ ಪಂದ್ಯಗಳು ನಡೆದ ಅಂಗಣ, ಗೋವಾ ರಾಜ್ಯಕ್ಕೆಲ್ಲ ಅದು ದೊಡ್ಡದು. ಇಲ್ಲಿ ಐದು ಸಾವಿರ ತುಂಬಿದರೆ ಹಬ್ಬ. ಐದು ಸಾವಿರವೂ ಸಣ್ಣ ಮಾತಲ್ಲ: ಎಂಟು ನಿಮಿಷದಲ್ಲಿ ಎಲ್ಲರೂ ಹೊರಬೀಳಬೇಕು, ಮೆಟ್ಟಿಲಿನ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 66 ಜನ ಇಳಿಯಬಹುದು ಎಂಬ ಲೆಕ್ಕದಲ್ಲಿ ಒಟ್ಟು ಒಂಬತ್ತೂವರೆ ಮೀಟರ್ ಮೆಟ್ಟಿಲು ಬೇಕು, ಅಂದರೆ 1.2 ಮೀಟರ್ ಅಗಲದ ಎಂಟು. ಇಪ್ಪತ್ತು ಸಾವಿರಕ್ಕೆ ಮೂವತ್ತೆರಡು. ಮುಂದೆ ಬೇಕೆಂದರೆ ಪೂರ್ವದ ಬದಿ ಖಾಲಿ ಬಿಟ್ಟಿರಲಿ.

ಮರಳಿನ ಬಗ್ಗೆ ಎಚ್ಚರ ಹೇಳಲೇಬೇಕು, ಇಂಥ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬೇಕಾದದ್ದು ಸುಮಾರು 3,200 ಘನ ಮೀಟರ್. ಕಡಲ ಮರಳು ತೆಗೆಯುವಂತಿಲ್ಲ, ತೆಗೆದರೂ ಅದರಲ್ಲಿ ಉಪ್ಪು, ಚಿಪ್ಪಿನ ಚೂರು. ಎಂ-ಸ್ಯಾಂಡ್ ತಂದು ತೊಳೆಯದೆ ಹಾಕಿದರೆ ಕಲ್ಲಿನ ಹಿಟ್ಟು ಎರಡೇ ಮಳೆಗಾಲದಲ್ಲಿ ಸಂದುಗಳನ್ನು ಮುಚ್ಚಿ ಮೇಲೆ ಕೆನೆಗಟ್ಟುತ್ತದೆ. ಜರಡಿ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಪಾಲಾದರೂ ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗೆ ಇರಬೇಕು, 0.15 ಮಿಲಿಮೀಟರಿಗಿಂತ ನುಣುಪಾದದ್ದು ಹತ್ತು ಪಾಲು ದಾಟಬಾರದು. ಪ್ರತಿ ಲೋಡಿನಿಂದ ಒಂದು ಡಬ್ಬಿ ಮಾದರಿ ತೆಗೆದಿಡುವ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು. ಹುಲ್ಲು ನಮ್ಮ ಗರಿಕೆಯ ಕುಲದ್ದೇ, ಬರ್ಮುಡಾ ತಳಿ. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರೆಂದರೆ 53,000 ಲೀಟರ್. ಬಾವಿ ಮೇ ತಿಂಗಳಲ್ಲಿ ಉಪ್ಪಾಗುವ ಜಾಗವಾದರೆ ಉಪ್ಪು ತಾಳುವ ಪಾಸ್ಪಾಲಂ ಹುಲ್ಲೇ ಗತಿ.

ಇಷ್ಟೆಲ್ಲ ಮಾಡಿ ಮುಗಿಸಿದ ಮೈದಾನವನ್ನು ಉತ್ಸವ, ಸಭೆ, ಸರ್ಕಸ್ಸಿಗೆ ಕೊಡುವ ರೂಢಿ ನಮ್ಮದು. ಪೆಂಡಾಲಿನ ಕಂಬಕ್ಕೆ ಎರಡಡಿ ಗುಂಡಿ ತೋಡಿದರೆ ಮರಳೂ ಜಲ್ಲಿಯೂ ದಾಟಿ ಗುದ್ದಲಿ ಪೈಪಿಗೆ ತಾಗುತ್ತದೆ. ಗುಂಡಿ ಮುಚ್ಚುವವರು ಕೈಗೆ ಸಿಕ್ಕ ಕೆಂಪು ಮಣ್ಣು ತುಂಬುತ್ತಾರೆ, ಅಲ್ಲೊಂದು ಬಟ್ಟಲು ನೀರು ಶಾಶ್ವತ. ಮಾಲಾದೇವಿ ಮೈದಾನ ಉಳಿಯಬೇಕು ಎನ್ನುವುದು ಇದಕ್ಕೂ ಹೌದು. ಹಬ್ಬ, ಸಭೆ, ಮಕ್ಕಳ ದಿನನಿತ್ಯದ ಆಟ ಅಲ್ಲಿ ನಡೆಯಲಿ. ಹುಲ್ಲಿನ ಅಂಕಣ ವಾರಕ್ಕೆ ಏಳೆಂಟು ತಾಸಿಗಿಂತ ಹೆಚ್ಚು ಆಟ ತಾಳುವುದೂ ಇಲ್ಲ. ಶಿರಸಿಯ ಓದುಗರು ‘ನಮ್ಮಲ್ಲೇ ಕಟ್ಟಿ’ ಎನ್ನಬಹುದು. ಅಲ್ಲಿ ಉಬ್ಬರದ ಕಾಟವಿಲ್ಲ ನಿಜ, ಆದರೆ ಕರಾವಳಿಯ ಹುಡುಗರು ಅಭ್ಯಾಸಕ್ಕೆ ದಿನಾ ದೇವಿಮನೆ ಘಟ್ಟ ಹತ್ತುವುದಿಲ್ಲ.

ನಿಮ್ಮ ಮನಸ್ಸಿನಲ್ಲಿ ಬೇರೆ ಜಾಗ ಇದ್ದರೆ ಒಂದು ಕೆಲಸ ಮಾಡಿ. ಬಂದರಿನ ಉಬ್ಬರ–ಇಳಿತದ ಪಟ್ಟಿಯಲ್ಲಿ ಜುಲೈ ಅಮಾವಾಸ್ಯೆಯ ಆಸುಪಾಸಿನ ಅತಿ ದೊಡ್ಡ ಉಬ್ಬರದ ಹೊತ್ತು ನೋಡಿ, ಒಳ್ಳೆ ಮಳೆ ಬಿದ್ದ ದಿನ ಆ ತಾಸಿಗೆ ಹತ್ತಿರದ ಹಳ್ಳದ ದಂಡೆಗೆ ಹೋಗಿ. ನೀರು ಮುಟ್ಟಿದಲ್ಲಿ ಮರಕ್ಕೋ ಕಲ್ಲಿಗೋ ಬಣ್ಣದ ಗುರುತು ಹಾಕಿ. ಮಳೆ ಬಿಟ್ಟ ಮೇಲೆ ಡಂಪಿ ಲೆವೆಲ್ ಇರುವ ಯಾವ ಸರ್ವೆಯವರಾದರೂ ಅರ್ಧ ದಿನದಲ್ಲಿ ಆ ಗುರುತಿನಿಂದ ಜಾಗದ ಎತ್ತರ ತೆಗೆದುಕೊಡುತ್ತಾರೆ. ಒಂದೂವರೆ ಮೀಟರ್ ಸಿಕ್ಕರೆ ಸರ್ವೆ ನಂಬರ್ ಸಹಿತ ಬರೆದು ಕಳಿಸಿ, ಪ್ರಕಟಿಸುತ್ತೇವೆ.

— ಸಂಪಾದಕರು